ಭಾರತದ ಡೈನೋಸಾರ್ ಪಳೆಯುಳಿಕೆಗಳು: ಶೋಧ ಮತ್ತು ಮರುಶೋಧ

ಭಾರತದಲ್ಲಿ ಡೈನೋಸಾರ್ ಮೂಳೆಗಳು ಮೊದಲು ದೊರೆತದ್ದು 1828ರಲ್ಲಿ, ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ. ಅವನ್ನು ಸಂಗ್ರಹಿಸಿದ ವಿಲಿಯಂ ಸ್ಲೀಮನ್ ಠಕ್ಕರನ್ನು ಹತ್ತಿಕ್ಕಿದ ಅಧಿಕಾರಿಯೆಂದೇ ಚರಿತ್ರೆಯಲ್ಲಿ ಪರಿಚಿತ. ಇಂಗ್ಲೆಂಡಿನಲ್ಲಿ ವಿಲಿಯಂ ಬಕ್‌ಲ್ಯಾಂಡ್ ಮೆಗಲೋಸಾರಸ್‌ನ ವಿವರಣೆ ಪ್ರಕಟಿಸಿ ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ರಿಚರ್ಡ್ ಓವನ್ ಈ ಪ್ರಾಣಿಗಳನ್ನು ಡೈನೋಸಾರ್ ಎಂಬ ಒಂದೇ ಗುಂಪಿಗೆ ಸೇರಿಸಲು ಇನ್ನೂ 14 ವರ್ಷ ಬಾಕಿಯಿತ್ತು. ಸ್ಲೀಮನ್‌ನಿಂದ ಸ್ಪಿಲ್ಸ್‌ಬರಿ ಎಂಬ ವೈದ್ಯನ ಕೈಗೆ, ಅಲ್ಲಿಂದ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಬಳಿಗೆ ಮೂಳೆಗಳು ಸಾಗಿದವು. ಕೊನೆಗೆ 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಬಾಲದ ಎರಡು ಕಶೇರುಮಣಿಗಳ ಬಲದ ಮೇಲೆ ಟೈಟನೋಸಾರಸ್ ಇಂಡಿಕಸ್ ಎಂಬ ಹೊಸ ಪ್ರಭೇದವನ್ನು ಸ್ಥಾಪಿಸಿದ. ಮಣಿಯ ಮುಂಬದಿ ಬಟ್ಟಲಿನಂತೆ ತಗ್ಗಾಗಿ, ಹಿಂಬದಿ ಗುಂಡಾಗಿ ಉಬ್ಬಿರುವುದು ಅವನ ಗಮನ ಸೆಳೆದ ಲಕ್ಷಣ. ದಕ್ಷಿಣ ಅಮೆರಿಕದಿಂದ ಆಫ್ರಿಕಾದವರೆಗೆ ದೊರೆತ ದೈತ್ಯ ಸಸ್ಯಾಹಾರಿಗಳ ಒಂದು ದೊಡ್ಡ ಗುಂಪಿಗೆ ಮುಂದೆ ಹೆಸರು ಬಂದದ್ದು ಈ ಜಬಲ್ಪುರದ ಪ್ರಾಣಿಯಿಂದಲೇ.

ಬಾರಾ ಸಿಮ್ಲಾದ ಮೂಳೆಗಳಿರುವುದು ಲಮೇಟಾ ಎಂಬ ಶಿಲಾಸ್ತರಗಳಲ್ಲಿ. ಇವು ಕ್ರಿಟೇಶಿಯಸ್ ಯುಗದ ಕೊನೆಯವು. ಉತ್ತರ ಕರ್ನಾಟಕದವರೆಗೂ ಹಬ್ಬಿರುವ ದಖನ್ ಲಾವಾ ಹಾಸು ಮಧ್ಯಭಾರತದಲ್ಲಿ ಇವುಗಳ ಮೇಲೆಯೇ ಹರಡಿಕೊಂಡಿದೆ. ಚಾರ್ಲ್ಸ್ ಮ್ಯಾಟ್ಲಿ 1917ರಿಂದ ಇಲ್ಲಿ ವ್ಯವಸ್ಥಿತ ಉತ್ಖನನ ನಡೆಸಿದ. ಆ ಸಂಗ್ರಹವನ್ನು ಅವನೂ ಜರ್ಮನಿಯ ಫ್ರೀಡ್ರಿಶ್ ಫಾನ್ ಹ್ಯೂನೆಯೂ ಸೇರಿ 1933ರಲ್ಲಿ ವಿವರಿಸಿದರು. ಇಂಡೋಸೂಕಸ್, ಇಂಡೋಸಾರಸ್ ಮೊದಲಾದ ಮಾಂಸಾಹಾರಿಗಳು ಬೆಳಕಿಗೆ ಬಂದದ್ದು ಆಗ. ಆದರೆ ಅವು ಯಾವ ಕುಲಕ್ಕೆ ಸೇರಿದವೆಂಬುದು ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. 1985ರಲ್ಲಿ ಅರ್ಜೆಂಟೀನಾದ ಅಬೆಲಿಸಾರಸ್ ವಿವರಣೆ ಪ್ರಕಟವಾದ ಮೇಲಷ್ಟೇ ಜಬಲ್ಪುರದ ತಲೆಬುರುಡೆಯ ತುಣುಕುಗಳ ನಿಜವಾದ ಬಂಧುತ್ವ ತಿಳಿಯಿತು. ಒಂದು ಕಾಲದಲ್ಲಿ ಒಂದಾಗಿದ್ದ ಗೊಂಡ್ವಾನಾ ಭೂಖಂಡಗಳ ಹಳೆಯ ನಂಟಿಗೆ ಇಷ್ಟು ಒಳ್ಳೆಯ ಸಾಕ್ಷಿ ಅಷ್ಟು ಕಾಲವೂ ಸಂಗ್ರಹದಲ್ಲೇ ಇತ್ತು.

ಸ್ವಾತಂತ್ರ್ಯಾನಂತರದ ದೊಡ್ಡ ಶೋಧ ನಡೆದದ್ದು ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ. ಸಂಸ್ಥಾಪಕ ಮಹಲನೋಬಿಸ್ ಅವರ ಆಹ್ವಾನದ ಮೇರೆಗೆ ಪಮೇಲಾ ರಾಬಿನ್‌ಸನ್ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದು ಭೂವಿಜ್ಞಾನದ ಕೆಲಸಕ್ಕೆ ಅಡಿಪಾಯ ಹಾಕಿದ್ದರು. ಆ ಸಂಸ್ಥೆಯ ಸಂಶೋಧಕರು ಜುರಾಸಿಕ್ ಆದಿಭಾಗದ ಕೋಟಾ ಸ್ತರಗಳಿಂದ ಸುಮಾರು 300 ಮೂಳೆಗಳನ್ನು ಹೊರತೆಗೆದರು. ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದ ಮೂಳೆಗಳಿವು. ಒಂದು ತೊಡೆಮೂಳೆಯ ಉದ್ದವೇ 1.7 ಮೀಟರ್. ಉತ್ಖನನ ನಡೆದ 1961 ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷ. 1975ರಲ್ಲಿ ಪ್ರಾಣಿಗೆ ಬಾರಾಪಾಸಾರಸ್ ಟಾಗೋರೈ ಎಂಬ ಹೆಸರು ಕೊಟ್ಟಾಗ ಕವಿಯ ನೆನಪೂ ಅದರೊಳಗೆ ಸೇರಿತು. ಹಲ್ಲುಗಳು ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ಆದರೂ ಉದ್ದ ಕತ್ತಿನ ದೈತ್ಯ ಸಸ್ಯಾಹಾರಿಗಳಾದ ಸಾರೋಪಾಡ್‌ಗಳ ಆರಂಭಿಕ ವಿಕಾಸವನ್ನು ಅರಿಯಲು ಜಗತ್ತಿನಲ್ಲಿ ಲಭ್ಯವಿರುವ ಉತ್ತಮ ಆಧಾರಗಳಲ್ಲಿ ಇದೂ ಒಂದು.

1980ರ ದಶಕದಲ್ಲಿ ಗಮನ ಗುಜರಾತಿನತ್ತ ಹೊರಳಿತು. ಬಾಲಾಸಿನೋರ್ ಬಳಿಯ ರಹಿಯೋಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸುರೇಶ್ ಶ್ರೀವಾಸ್ತವ ಮೂಳೆಗಳನ್ನು ಸಂಗ್ರಹಿಸಿದರು. ಹಣೆಯ ಮೇಲೆ ಗಿಡ್ಡ ಕೊಂಬಿದ್ದ ಮಾಂಸಾಹಾರಿ ರಾಜಾಸಾರಸ್ ನರ್ಮದೆನ್ಸಿಸ್ 2003ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಆ ಸಂಗ್ರಹದಿಂದಲೇ.

ಇನ್ನೂ ಅಪರೂಪದ್ದು ಧೋಲಿ ಡುಂಗ್ರಿಯ ಶಿಲಾಖಂಡ. ಧನಂಜಯ ಮೊಹಬೆ 1984ರಲ್ಲಿ ಸಂಗ್ರಹಿಸಿದ ಈ ಕಲ್ಲಿನಲ್ಲಿ ಮೊಟ್ಟೆಗಳೂ ಎಳೆಯ ಮೂಳೆಗಳೂ ಇದ್ದವು. ಎಲ್ಲ ಮೂಳೆಗಳೂ ಡೈನೋಸಾರ್ ಮರಿಯವೆಂದೇ ಮೊದಲು ಭಾವಿಸಲಾಗಿತ್ತು. 2001ರಲ್ಲಿ ಅದನ್ನು ಪರಿಶೀಲಿಸಿದ ಜೆಫ್ರಿ ವಿಲ್ಸನ್ ಅವರಿಗೆ ಕೆಲವು ಕಶೇರುಮಣಿಗಳು ಹಾವಿನವೆಂದು ಹೊಳೆಯಿತು. ಕಲ್ಲನ್ನು ಮತ್ತಷ್ಟು ಶುಚಿಗೊಳಿಸಿದಾಗ, ಒಡೆದ ಮೊಟ್ಟೆಯ ಸುತ್ತ ಸುರುಳಿಯಾಗಿ ಬಿದ್ದ ಹಾವೂ ಅದರ ಪಕ್ಕದಲ್ಲೇ ಅರ್ಧ ಮೀಟರ್ ಉದ್ದದ ಟೈಟನೋಸಾರ್ ಮರಿಯ ಅವಶೇಷವೂ ಸ್ಪಷ್ಟವಾದವು. ಸುಮಾರು 3.5 ಮೀಟರ್ ಉದ್ದದ ಈ ಹಾವನ್ನು 2010ರಲ್ಲಿ ಸನಾಜೆ ಇಂಡಿಕಸ್ ಎಂದು ವಿವರಿಸಲಾಯಿತು. ದೊಡ್ಡ ಮೊಟ್ಟೆ ನುಂಗುವಷ್ಟು ಬಾಯಿ ಅಗಲಿಸಲು ಅದಕ್ಕೆ ಆಗುತ್ತಿರಲಿಲ್ಲ. ಆಗತಾನೆ ಹೊರಬಂದ ಮರಿಗಳು ಅದರ ಆಹಾರವಾಗಿದ್ದಿರಬೇಕು. ಬೇಟೆಯ ಸನ್ನಿವೇಶವೇ ಕಲ್ಲಾಗಿ ಉಳಿದಿರುವ ಇಂಥ ನಿದರ್ಶನಗಳು ತೀರಾ ವಿರಳ.

ಇತ್ತ ಟೈಟನೋಸಾರಸ್ ಇಂಡಿಕಸ್‌ನ ಮೂಲ ಕಶೇರುಮಣಿಗಳು ದಶಕಗಳಿಂದ ನಾಪತ್ತೆಯಾಗಿದ್ದವು. ಲೈಡೆಕ್ಕರ್ ಗುರುತಿಸಿದ ಲಕ್ಷಣ ಅನೇಕ ಪ್ರಭೇದಗಳಲ್ಲಿ ಕಂಡುಬಂದುದರಿಂದ, ಆ ಪ್ರಭೇದಕ್ಕೆ ಮಾನ್ಯತೆ ಸಲ್ಲದೆಂದು 2003ರಲ್ಲಿ ವಿಲ್ಸನ್ ಮತ್ತು ಪಾಲ್ ಅಪ್‌ಚರ್ಚ್ ನಿರ್ಣಯಿಸಿದರು. ಕಳೆದುಹೋಗಿದ್ದ ಮಣಿಗಳಲ್ಲಿ ಒಂದನ್ನು 2012ರಲ್ಲಿ ಮೊಹಬೆ ಮತ್ತು ಶುಭಾಶಿಷ್ ಸೇನ್ ಕೋಲ್ಕತ್ತದ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ ಪತ್ತೆಹಚ್ಚಿದರು. ಮ್ಯಾಟ್ಲಿ ಸಂಗ್ರಹದ ಹಲವು ಮೂಳೆಗಳು ಮಾತ್ರ ಇನ್ನೂ ಕೈಸೇರಿಲ್ಲ. ಹೊಸ ಉತ್ಖನನಕ್ಕೆ ದೊರೆಯುವಷ್ಟೇ ಹಣ ಮತ್ತು ಸಿಬ್ಬಂದಿ ಹಳೆಯ ಸಂಗ್ರಹಗಳ ಪಟ್ಟಿ, ದಾಖಲೆ ಮತ್ತು ರಕ್ಷಣೆಗೂ ದೊರೆಯಬೇಕು.