ಕರ್ಮವೀರರ ವಿದ್ಯಾರ್ಥಿನಿಲಯ

ಶ್ರಾವಕನಿಗೆ ವಿಹಿತವಾದ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಆಹಾರವನ್ನೂ ಶಾಸ್ತ್ರವನ್ನೂ ಜೈನ ಸಮಾಜವು ವಿದ್ಯಾರ್ಥಿನಿಲಯಗಳ ಮೂಲಕ ಉದಾರವಾಗಿಯೇ ಸಲ್ಲಿಸುತ್ತ ಬಂದಿದೆ. ಮನೆಮಾರು ಬಿಟ್ಟು ಓದಲು ಬಂದ ಹುಡುಗನಿಗೆ ಅಭಯವೂ ಸಲ್ಲಬೇಕೆಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಕರ್ಮವೀರ ಭಾವುರಾವ ಪಾಟೀಲರ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವುದು ಯುಕ್ತ.

ಬೆಳಗಾವಿ ಸೀಮೆಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಜೈನ ಮಕ್ಕಳ ವಿದ್ಯಾಭ್ಯಾಸವನ್ನು ತನ್ನ ಮುಖ್ಯ ಕಾರ್ಯವೆಂದು ಕೈಗೊಂಡಿತು. ಆ ಜಾಗೃತಿಯ ಕಾಲದಲ್ಲಿ ಕೊಲ್ಲಾಪುರದಲ್ಲಿ ನಡೆಯುತ್ತಿದ್ದ ಜೈನ ಬೋರ್ಡಿಂಗಿಗೆ, 1887ರಲ್ಲಿ ಕುಂಭೋಜದ ದಿಗಂಬರ ಜೈನ ಮನೆತನದಲ್ಲಿ ಜನಿಸಿದ ಭಾವುರಾವರು ಓದಲು ಬಂದರು. ಅಸ್ಪೃಶ್ಯರೆನಿಸಿಕೊಂಡವರ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದ ಅವರು ಸ್ನಾನ ಮಾಡಿ ಮಡಿಯಾಗಲು ಒಪ್ಪಲಿಲ್ಲ. ಬೋರ್ಡಿಂಗಿನವರು ಅವರನ್ನು ಹೊರಹಾಕಿದರು. ನಿಯಮವನ್ನು ಕಾಯ್ದವರು ದುಷ್ಟರಾಗಿರಲಿಲ್ಲ, ಸಮಾಜದ ಹಿತೈಷಿಗಳೇ ಆಗಿದ್ದರು. ಆದರೂ ಹುಡುಗನೊಬ್ಬ ಅಂತಃಕರಣದ ಮಾತಿಗೆ ಕಿವಿಗೊಟ್ಟ ಗಳಿಗೆಯನ್ನು ಅವರು ಬರಿಯ ಅವಿಧೇಯತೆಯೆಂದೇ ಎಣಿಸಿದರು.

ಆ ಬೋರ್ಡಿಂಗಿನ ಪ್ರಮುಖರಲ್ಲಿ ಅಣ್ಣಾಸಾಹೇಬ ಲಠ್ಠೆಯವರು ಒಬ್ಬರು. 1914ರಲ್ಲಿ ಕೊಲ್ಲಾಪುರದಲ್ಲಿ ದೊರೆಯ ಪ್ರತಿಮೆಗೆ ಡಾಂಬರು ಬಳಿದ ಪ್ರಕರಣ ನಡೆದಾಗ, ಅದೇ ಲಠ್ಠೆಯವರ ವಿರುದ್ಧ ಸುಳ್ಳುಸಾಕ್ಷಿ ನುಡಿಯುವಂತೆ ಭಾವುರಾವರನ್ನು ಒತ್ತಾಯಿಸಲಾಯಿತು. ಸೆರೆಯನ್ನೂ ಹಿಂಸೆಯನ್ನೂ ಸಹಿಸಿದರೇ ಹೊರತು ಅವರು ಅಸತ್ಯವನ್ನಾಡಲಿಲ್ಲ. ಹುಡುಗನಲ್ಲಿ ಬೆಳೆಯುತ್ತಿದ್ದುದು ಏನೆಂಬುದು ಹೊರಹಾಕಿದವರಿಗೆ ಆಗಲಾದರೂ ತಿಳಿದಿರಬೇಕು.

ಮೆಟ್ರಿಕ್ ದಾಟದ ಭಾವುರಾವರು ಮುಂದೆ ಕಿರ್ಲೋಸ್ಕರ್ ನೇಗಿಲುಗಳ ಮಾರಾಟಕ್ಕಾಗಿ ಹಳ್ಳಿಹಳ್ಳಿ ತಿರುಗಿ, ರೈತರ ಮಕ್ಕಳಿಗೆ ವಿದ್ಯೆಯ ಬಾಗಿಲು ಮುಚ್ಚಿರುವುದನ್ನು ಕಣ್ಣಾರೆ ಕಂಡರು. 1919ರಲ್ಲಿ ಕರಾಡದ ಬಳಿಯ ಕಾಲೆಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಸಾತಾರೆಯಲ್ಲಿ ಆರಂಭವಾದ ವಿದ್ಯಾರ್ಥಿನಿಲಯಕ್ಕೆ 1927ರಲ್ಲಿ ಗಾಂಧೀಜಿಯವರು ಬಂದು ಶಾಹು ಮಹಾರಾಜರ ಹೆಸರನ್ನಿಟ್ಟರು. ಅಲ್ಲಿ ಮಹಾರ, ಮರಾಠ, ಜೈನ, ಮುಸಲ್ಮಾನರೆನ್ನದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಅಡುಗೆ, ಹೊಲದ ಕೆಲಸ, ಅಂಗಳ ಗುಡಿಸುವುದು ಎಲ್ಲವೂ ಹುಡುಗರದೇ.

ಈ ಮನೆ ನಡೆದದ್ದು ಲಕ್ಷ್ಮೀಬಾಯಿಯವರ ತ್ಯಾಗದಿಂದ. ಸಂಪ್ರದಾಯಸ್ಥ ಜೈನ ಮನೆತನದಲ್ಲಿ ಬೆಳೆದ ಆ ಸಾಧ್ವಿ, ಪರಜಾತಿಯ ಮಕ್ಕಳಿಗೆ ಕೈಯಾರೆ ಬಡಿಸುವುದನ್ನು ರೂಢಿ ಮಾಡಿಕೊಂಡರು. ದವಸಕ್ಕೆ ಹಣವಿಲ್ಲದಾಗ ಒಡವೆಗಳು ಒಂದೊಂದಾಗಿ ಹೋದವು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟುಬಿಟ್ಟರು. 1930ರಲ್ಲಿ ಅವರು ತೀರಿಕೊಂಡಾಗ ತಾಯಿಯನ್ನು ಕಳೆದುಕೊಂಡವರು ಅವರ ಮಕ್ಕಳು ಮಾತ್ರವಲ್ಲ. ಅಪರಿಗ್ರಹದ ಮೇಲೆ ಎಷ್ಟೋ ಉಪನ್ಯಾಸಗಳಾಗಿವೆ. ಈ ಹೆಣ್ಣುಮಗಳ ಹೆಸರು ಅವುಗಳಲ್ಲಿ ಕೇಳಿಬರುವುದು ವಿರಳ.

1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ತೆರೆದಾಗ, ಹೈಸ್ಕೂಲಿನ ಹುಡುಗರಿಗೆ ಒಗ್ಗಿದ ಈ ಪದ್ಧತಿ ಪ್ರಾಯಕ್ಕೆ ಬಂದವರಿಗೂ ಒಗ್ಗೀತೇ ಎಂಬ ಸಂದೇಹ ಸಹಜವಾಗಿತ್ತು. ದುಡಿ, ಕಲಿ ಎಂಬ ಯೋಜನೆಯಂತೆ ಬಡ ವಿದ್ಯಾರ್ಥಿಯು ದಿನಕ್ಕೆ ಕೆಲವು ತಾಸು ಹೊಲದಲ್ಲೋ ಕಟ್ಟಡದಲ್ಲೋ ದುಡಿದು ತನ್ನ ವೆಚ್ಚವನ್ನು ತಾನೇ ಭರಿಸುತ್ತಿದ್ದನು. ದಾನವನ್ನು ಉಣ್ಣುವ ಹುಡುಗ ದಾನಿಯ ಮುಂದೆ ತಲೆ ತಗ್ಗಿಸುತ್ತಾನೆ, ಇಲ್ಲವೆ ಒಳಗೊಳಗೇ ಕುದಿಯುತ್ತಾನೆ. ದುಡಿದು ಉಂಡವನಿಗೆ ಆ ಹಂಗಿಲ್ಲ. ಆತನು ಗುರುವಿನೊಡನೆ ವಾದಿಸಬಲ್ಲನು, ತಪ್ಪಿದರೆ ಒಪ್ಪಿಕೊಳ್ಳಬಲ್ಲನು. ಇದಕ್ಕೆ ತಕ್ಕ ಅಧ್ಯಾಪಕರೂ ಬೇಕಾಗಿತ್ತು. ಹೆಚ್ಚಿನ ಸಂಬಳದ ಆಸೆ ತೊರೆದು ಆಜೀವ ಸದಸ್ಯರಾಗಿ ಬಾಳನ್ನೇ ಸಂಸ್ಥೆಗೆ ಕೊಟ್ಟವರು ಅಲ್ಲಿದ್ದರು. ಇಂಥವರಿಲ್ಲದೆ ಬರಿಯ ದುಡಿಮೆಯನ್ನು ಮಾತ್ರ ಅನುಕರಿಸುವ ವಿದ್ಯಾರ್ಥಿನಿಲಯದಲ್ಲಿ ಹುಡುಗರು ಕೂಲಿಯಾಳುಗಳಾಗುವ ಅಪಾಯವುಂಟು.

1959ರಲ್ಲಿ ಪುಣೆ ವಿಶ್ವವಿದ್ಯಾಲಯವು ಭಾವುರಾವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಅದೇ ವರ್ಷ ಮೇ 9ರಂದು ಅವರು ದಿವಂಗತರಾದರು. ಅವರ ವಿದ್ಯಾರ್ಥಿನಿಲಯದಲ್ಲಿ ಬೆಳೆದು ಬ್ಯಾರಿಸ್ಟರ್ ಆಗಿ ಬಂದ ಪಿ.ಜಿ. ಪಾಟೀಲರು ಸಾತಾರೆಯ ಅದೇ ಕಾಲೇಜಿನ ಪ್ರಾಂಶುಪಾಲರಾಗಿ, ಮುಂದೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಭಾವುರಾವರನ್ನು ಬೋರ್ಡಿಂಗಿನಿಂದ ಹೊರಹಾಕಿದ್ದು ಆ ಕೊಲ್ಲಾಪುರದಲ್ಲಿಯೇ.