ಸರಹದ್ದಿಲ್ಲದ ಅಪರಾಧಕ್ಕೆ ಒಂದು ಠಾಣೆ



ನಿಮ್ಮ ಮನೆಯಲ್ಲಿ ಕಳ್ಳತನವಾಯಿತೆನ್ನಿ. ದೂರು ಕೊಡಲು ಎಲ್ಲಿಗೆ ಹೋಗಬೇಕೆಂಬುದು ನಿಮಗೆ ಗೊತ್ತಿದೆ. ಪ್ರತಿಯೊಂದು ಊರೂ, ಪ್ರತಿಯೊಂದು ಬೀದಿಯೂ ಯಾವುದಾದರೊಂದು ಪೊಲೀಸ್ ಠಾಣೆಯ ಸರಹದ್ದಿಗೆ ಸೇರಿರುತ್ತದೆ. ಈಗ ಇನ್ನೊಂದು ಸಂದರ್ಭವನ್ನು ಯೋಚಿಸಿ. ಹಣ ಕಳೆದುಕೊಂಡವರು ಹಾಸನದಲ್ಲಿದ್ದಾರೆ. ಅವರ ಖಾತೆಯ ವಿವರ ಮುಂಬಯಿಯ ಕಂಪ್ಯೂಟರಿನಲ್ಲಿದೆ. ಅದರೊಳಗೆ ನುಗ್ಗಿದವನು ಯಾವ ಊರಿನಲ್ಲಿ ಕುಳಿತಿದ್ದಾನೋ ಯಾರಿಗೂ ತಿಳಿಯದು. ಹಾಗಾದರೆ ಈ ಅಪರಾಧ ನಡೆದದ್ದು ಯಾವ ಠಾಣೆಯ ಸರಹದ್ದಿನಲ್ಲಿ?

ಕಂಪ್ಯೂಟರ್ ಅಪರಾಧಗಳಿಗೆಂದೇ ಪೊಲೀಸ್ ಘಟಕವನ್ನು ಕಟ್ಟುವುದೆಂದರೆ ಕೆಲವು ಯಂತ್ರಗಳನ್ನು ಕೊಂಡು ಕೋಣೆಯಲ್ಲಿ ಜೋಡಿಸುವುದು ಎಂದು ನಮಗೆ ತೋರಬಹುದು. ಚರಿತ್ರೆ ಹೇಳುವುದು ಬೇರೆ. ಯಂತ್ರಕ್ಕಿಂತ ಮೊದಲು ಕಾನೂನು ಬೇಕು, ಅಧಿಕಾರ ಬೇಕು, ಬಲ್ಲ ಜನ ಬೇಕು.

ಕಾನೂನಿನ ಮಾತನ್ನು ಮೊದಲು ನೋಡೋಣ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 1980ರ ದಶಕದಲ್ಲೇ ಇಂಥ ಘಟಕವನ್ನು ತೆರೆದಿದ್ದರು. ಅದೇ ಕಾಲದಲ್ಲಿ ಇಬ್ಬರು ವ್ಯಕ್ತಿಗಳು ಬ್ರಿಟಿಷ್ ಟೆಲಿಕಾಂನ ಪ್ರೆಸ್ಟೆಲ್ ಎಂಬ ಕಂಪ್ಯೂಟರ್ ಸೇವೆಯೊಳಗೆ ಅನುಮತಿಯಿಲ್ಲದೆ ನುಗ್ಗಿದರು. ಪೊಲೀಸರು ಅವರನ್ನು ಹಿಡಿದರು. ಆದರೆ ಯಾವ ಅಪರಾಧವೆಂದು ಹೆಸರಿಸುವುದು? ಖೋಟಾ ದಾಖಲೆಗಳಿಗೆ ಸಂಬಂಧಿಸಿದ 1981ರ ಕಾಯಿದೆಯಂತೆ ಮೊಕದ್ದಮೆ ಹೂಡಲಾಯಿತು. ಬೇರೆಯವರ ಗುಪ್ತಪದವನ್ನು ಒತ್ತಿದ ಮಾತ್ರಕ್ಕೆ ಅದು ಖೋಟಾ ದಾಖಲೆ ಆಗದು ಎಂಬ ಅಭಿಪ್ರಾಯ 1988ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿಯೂ ನಿಂತಿತು. ಇಬ್ಬರೂ ಬಿಡುಗಡೆಯಾದರು. 1990ರಲ್ಲಿ ಬ್ರಿಟನ್ ಕಂಪ್ಯೂಟರ್ ದುರ್ಬಳಕೆಯ ವಿರುದ್ಧ ಪ್ರತ್ಯೇಕ ಕಾಯಿದೆಯನ್ನು ಮಾಡಿತು.

ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷವೇ ಕರ್ನಾಟಕ ಒಂದು ಹೊಸ ಹೆಜ್ಜೆ ಇಟ್ಟಿತು. 2001ರ ಸೆಪ್ಟೆಂಬರ್ 13ರ ಅಧಿಸೂಚನೆಯ ಮೂಲಕ ಬೆಂಗಳೂರಿನ ಸಿ.ಒ.ಡಿ. ಕೇಂದ್ರ ಕಚೇರಿಯಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಭಾರತದಲ್ಲಿ ಇಂಥ ಠಾಣೆ ಇದೇ ಮೊದಲನೆಯದು.

ಇಲ್ಲಿ ‘ಠಾಣೆ’ ಎಂಬ ಪದವನ್ನು ಗಮನಿಸಿ. ಪೊಲೀಸ್ ಇಲಾಖೆಯಲ್ಲಿ ಘಟಕ ಬೇರೆ, ಠಾಣೆ ಬೇರೆ. ಠಾಣೆಯೆಂದು ಘೋಷಣೆಯಾಗದ ಘಟಕ ಸಲಹೆ ಕೊಡಬಹುದು, ತನಿಖೆಗೆ ನೆರವಾಗಬಹುದು. ಆದರೆ ದೂರನ್ನು ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಲು ಠಾಣೆಯೇ ಬೇಕು. ಯಾವ ಸ್ಥಳ ಠಾಣೆ, ಅದರ ವ್ಯಾಪ್ತಿ ಎಷ್ಟು ಎಂದು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇತ್ತು. ಕರ್ನಾಟಕ ಸರ್ಕಾರ ಆ ಅಧಿಕಾರವನ್ನು ಬಳಸಿ, ಹೊಸ ಠಾಣೆಗೆ ಇಡೀ ರಾಜ್ಯವನ್ನೇ ಸರಹದ್ದಾಗಿ ಗೊತ್ತುಮಾಡಿತು. ಬೀದರಿನವರಾಗಲಿ ಮಂಗಳೂರಿನವರಾಗಲಿ, ದೂರು ಹೊತ್ತು ತರಲು ಒಂದು ಬಾಗಿಲು ತೆರೆಯಿತು.

ಆದರೆ ಅಷ್ಟು ದೊಡ್ಡ ರಾಜ್ಯಕ್ಕೆ ಒಂದೇ ಬಾಗಿಲು ಸಾಕೇ? ಬೀದರಿನಿಂದ ಬೆಂಗಳೂರಿಗೆ ಬರುವುದು ಸುಲಭವಲ್ಲ. ಜನರ ಕೊರತೆಯೂ ಇತ್ತು. ಆ ಕಾಯಿದೆಯ ಅಪರಾಧಗಳನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿರಲಿಲ್ಲ. ಆ ದರ್ಜೆಯ ಅಧಿಕಾರಿಗಳ ಸಂಖ್ಯೆಯೇ ಕಡಿಮೆ. ತಿದ್ದುಪಡಿಯಾದ ಕಾಯಿದೆ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ಮೇಲೆ ಇನ್‌ಸ್ಪೆಕ್ಟರರಿಗೂ ಈ ಅಧಿಕಾರ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಜಿಲ್ಲೆಗಳಲ್ಲೂ ಪ್ರತ್ಯೇಕ ಠಾಣೆಗಳು ಬಂದವು.

ಇನ್ನು ತನಿಖೆಯ ಕ್ರಮ. ಕೊಲೆ ನಡೆದ ಕೋಣೆಯಲ್ಲಿ ಕಂಡಕಂಡಲ್ಲಿ ಕೈಯಿಟ್ಟರೆ ಬೆರಳಚ್ಚು ಅಳಿಸಿಹೋಗುತ್ತದಲ್ಲವೇ? ಕಂಪ್ಯೂಟರೂ ಹಾಗೆಯೇ. ಅದನ್ನು ಚಾಲೂ ಮಾಡಿ ಕಡತಗಳನ್ನು ತೆರೆದರೆ ಸಾಕು, ಒಳಗಿನ ದಿನಾಂಕ, ವೇಳೆಗಳು ಬದಲಾಗಬಹುದು. ಆದುದರಿಂದ ನುರಿತ ತನಿಖಾಧಿಕಾರಿ ಮೂಲವನ್ನು ಮುಟ್ಟದೆ, ಅದರ ಯಥಾಪ್ರತಿಯನ್ನು ತೆಗೆದು ಪರೀಕ್ಷಿಸುತ್ತಾನೆ. ಮೂಲಕ್ಕೂ ಪ್ರತಿಗೂ ಲೆಕ್ಕಹಾಕಿ ‘ಹ್ಯಾಶ್’ ಎಂಬ ಗುರುತಿನ ಮೌಲ್ಯವನ್ನು ಪಡೆಯುತ್ತಾನೆ. ಒಂದು ಅಕ್ಷರ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ವಿದ್ಯುನ್ಮಾನ ಸಾಕ್ಷ್ಯಕ್ಕೆ ನಿಗದಿತ ಪ್ರಮಾಣಪತ್ರ ಅಗತ್ಯವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಈ ಶಿಸ್ತು ತಪ್ಪಿದರೆ, ಅಪರಾಧಿ ಸಿಕ್ಕರೂ ಸಾಕ್ಷ್ಯ ನಿಲ್ಲದೆ ಹೋಗಬಹುದು.

ಕೊನೆಯದಾಗಿ, ನಾವು ಆರಂಭಿಸಿದ ಪ್ರಶ್ನೆಗೆ ಮರಳೋಣ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಅದರ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ಇದು ನಮ್ಮ ಸರಹದ್ದಲ್ಲ’ ಎಂದು ಹೇಳಿ ಹಿಂದಕ್ಕೆ ಕಳುಹಿಸುವಂತಿಲ್ಲ. ಹಣದ ವಂಚನೆಯಾದರೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡಬಹುದು. ನಾಚಿಕೆಯಿಂದಲೋ ಹೆದರಿಕೆಯಿಂದಲೋ ಬಂದ ಸಂದೇಶಗಳನ್ನು ಅಳಿಸಬೇಡಿ. ಅವೇ ನಿಮ್ಮ ಸಾಕ್ಷ್ಯ. ಠಾಣೆ ಎಷ್ಟೇ ಸಜ್ಜಾಗಿರಲಿ, ಅದರ ಕೆಲಸ ಆರಂಭವಾಗುವುದು ನೀವು ದೂರು ಕೊಟ್ಟ ಮೇಲೆಯೇ.