ವೇಗಕ್ಕೊಂದು ಕಟ್ಟಳೆ

ಬಂಡಿಯ ವೇಗಕ್ಕೆ ಸರ್ಕಾರ ಕಡಿವಾಣ ಹಾಕುವುದು ಹೊಸ ಮಾತಲ್ಲ. 1865ರಲ್ಲಿ ಇಂಗ್ಲೆಂಡಿನ ಶಾಸನವೊಂದು ಯಂತ್ರದ ಬಂಡಿಯು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರಕೂಡದೆಂದು ವಿಧಿಸಿತು. ಕೆಂಪು ಬಾವುಟ ಹಿಡಿದವನೊಬ್ಬ ಮುಂದೆ ನಡೆಯಬೇಕಾಗಿತ್ತು. ಅಂದಿನ ಭಯ ಕುದುರೆ ಬೆದರೀತೆಂಬುದು. ನಮ್ಮ ಗುಂಡ್ಲುಪೇಟೆಯ ಸೀಮೆಯ ಭಯ ಬೇರೆ: ಆನೆ, ಚಿರತೆ, ಜಿಂಕೆಗಳು ಗಾಲಿಗೆ ಸಿಕ್ಕಾವೆಂಬುದು.

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ; ಒಂದು ಉದಕಮಂಡಲಕ್ಕೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ಕಲ್ಲಿಕೋಟೆಗೆ. ಎರಡೂ ಬಂಡೀಪುರದ ಕಾಡನ್ನು ಸೀಳಿ ಸಾಗುತ್ತವೆ. ಈ ಕಾಡಿನ ಒಂದು ಭಾಗ ಮೈಸೂರು ಅರಸರ ಕಾಲದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು; 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು.

ವೇಗ ಇಮ್ಮಡಿಯಾದರೆ, ಬ್ರೇಕ್ ಒತ್ತಿದ ಮೇಲೆ ಬಂಡಿ ನಿಲ್ಲಲು ಹಿಡಿಯುವ ದೂರ ನಾಲ್ಮಡಿಯಾಗುತ್ತದೆ. ಇರುಳಿನಲ್ಲಾದರೋ ದೀಪ ಬಿದ್ದಷ್ಟೇ ದಾರಿ ಕಾಣುವುದು. ಕಣ್ಣು ಕೋರೈಸಿದ ಜಿಂಕೆ ನಿಂತಲ್ಲೇ ನಿಂತುಬಿಡುತ್ತದೆ. ಆದುದರಿಂದ 2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನೇ ತಡೆದರು. ಕೆಲವೇ ದಿನಗಳಲ್ಲಿ ಆಜ್ಞೆ ಹಿಂದೆ ಸರಿಯಿತು. ಮೊಕದ್ದಮೆ ನಡೆದು, 2010ರ ಮಾರ್ಚಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಇರುಳಿನ ತಡೆಯನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಕೆಲವು ಬಸ್ಸುಗಳಿಗೂ ವಿನಾಯಿತಿ ದೊರೆಯಿತು.

ಕೇರಳದ ಸಂತೆಗೆ ಬೆಳಗಾಗುವ ಮುನ್ನ ತರಕಾರಿ ಸೇರಿಸಬೇಕಾದವನಿಗೆ ಇದು ತೊಡಕೇ ಸರಿ. ಅವನ ದೂರು ಹುಸಿಯಲ್ಲ. ಗೇಟು ಬೀಳುವ ಮೊದಲೇ ದಾಟುವ ಆತುರವೂ ಕಾಡಿಗೆ ಒಳಿತಲ್ಲ. ಮಿತಿಯು ಸವಾರನ ಮನಸ್ಸಿನಲ್ಲಿದ್ದರೆ ಫಲಕವೊಂದೇ ಸಾಕು. ಇಲ್ಲವಾದರೆ ಗೇಟು ಬೇಕು. ಹಗಲಿನಲ್ಲಿ ಆ ಗೇಟು ತೆರೆದಿರುತ್ತದೆ. ಆಗ ಕಾಡಿನ ಕಾವಲು ನಮ್ಮ ಕಾಲಡಿಯ ಬ್ರೇಕಿನದೇ.